ಮಂಡಕ್ಕಿಯ ಕೊನೆಯ ಕಟ್ಟು

ಮೊದಲೇ ಹೇಳಿಬಿಡುತ್ತೇನೆ, ನಾನು ಸಿಟ್ಟಿನ ಮನುಷ್ಯ. ಕೈಕಾಲು ಮುರಿದುಕೊಂಡು ನಮ್ಮ ಮನೆಗೆ ಬಂದವರು ನೋವಿಗೆ ಅತ್ತದ್ದಕ್ಕಿಂತ ನನ್ನ ಬೈಗುಳಕ್ಕೆ ಹೆದರಿ ಅತ್ತದ್ದೇ ಹೆಚ್ಚು. ಕುರುಗೋಡಿನ ಬಸ್ ಸ್ಟ್ಯಾಂಡಿನಲ್ಲಿ ಎಲುಬು ಕಟ್ಟುವ ಮೈಲಾರಪ್ಪನ ಮನೆ ಯಾವುದು ಎಂದು ಕೇಳಿದರೆ ಸಾಕು, ದಾರಿ ತೋರಿಸುವವರು ಆತನ ಬಾಯಿ ಕೆಟ್ಟದ್ದು, ಕೈ ಒಳ್ಳೆಯದು ಎಂದು ಒಂದು ಮಾತು ಸೇರಿಸಿಯೇ ಕಳಿಸುತ್ತಿದ್ದರು. ನಾನೂ ಅದನ್ನೇ ನಂಬಿಕೊಂಡು ಅರವತ್ತಾರು ವರ್ಷ ಬದುಕಿದೆ. ಆ ಕೈ ಮಾಡಿದ ಕೆಲಸವನ್ನು ಈಗ ಹೇಳುತ್ತೇನೆ, ಕೇಳಿ.

ನಮ್ಮದು ಮೂರು ತಲೆಮಾರಿನ ಕಸುಬು. ತಾತ ದನ, ಕುರಿಗಳಿಗೆ ಕಟ್ಟುತ್ತಿದ್ದ. ಅಪ್ಪ ಮನುಷ್ಯರಿಗೂ ಕಟ್ಟಲು ಶುರು ಮಾಡಿದ. ಬಿದಿರಿನ ದಬ್ಬೆ, ಮೊಟ್ಟೆಯ ಬಿಳಿ, ಉದ್ದಿನ ಹಿಟ್ಟು, ಹಳೆಯ ಪಂಚೆಯ ಪಟ್ಟಿ, ಇಷ್ಟೇ ನಮ್ಮ ಆಸ್ಪತ್ರೆ. ಸೋಮವಾರಕ್ಕೊಮ್ಮೆ ಕಟ್ಟು ಬಿಚ್ಚಿ, ಬೆಚ್ಚಗಿನ ಎಣ್ಣೆ ಹಚ್ಚಿ ನೀವಿ, ಮತ್ತೆ ಕಟ್ಟುತ್ತೇವೆ. ಎಲುಬು ಕೂಡಿತು ಎಂದು ಹೆಬ್ಬೆರಳಿಗೆ ಗೊತ್ತಾದ ಮೇಲೆ ಕೊನೆಯ ಕಟ್ಟು ಅಂತ ಒಂದಿರುತ್ತದೆ. ಬಸವಣ್ಣನ ಪಟದ ಮುಂದೆ ದೀಪ ಹಚ್ಚಿಟ್ಟು, ಬೆರಳ ತುದಿಯಿಂದ ಮೇಲಿನ ತನಕ ಹಿಟ್ಟಿನ ಲೇಪ ಹಾಕಿ, ಬಿಗಿದು ಕಟ್ಟಿದರೆ ಮೂರು ದಿನ ಅದನ್ನು ಯಾರೂ ಮುಟ್ಟುವಂತಿಲ್ಲ. ನಾಲ್ಕನೆಯ ದಿನ ಕಟ್ಟಿದವನೇ ಬಿಚ್ಚಬೇಕು. ಅದು ಆಗುವ ತನಕ ಕೆಲಸ ಮುಗಿದಂತಲ್ಲ ಎಂದು ಅಪ್ಪ ಹೇಳುತ್ತಿದ್ದ. ಕುರಿಯ ಕಾಲಿಗೂ ಹಾಗೆಯೇ ಮಾಡಿದ್ದೇನೆ, ಹಮಾಲರ ತೋಳಿಗೂ ಹಾಗೆಯೇ ಮಾಡಿದ್ದೇನೆ. ಒಬ್ಬರಿಗೂ ಕೇಡಾಗಿರಲಿಲ್ಲ.

ನನಗಿರುವವಳು ಒಬ್ಬಳೇ ಮಗಳು, ಕಾವೇರಿ. ಅವಳಿಗೆ ಒಂಬತ್ತು ವರ್ಷ ಇದ್ದಾಗ ಅವಳ ತಾಯಿ ತೀರಿಕೊಂಡಳು. ಸಾಲೆಯಿಂದ ಬಂದು ಚೀಲ ಬಿಸಾಕಿ ನನ್ನ ಪಕ್ಕ ಕುಳಿತು ದಬ್ಬೆ ಹಿಡಿದುಕೊಳ್ಳುತ್ತಿದ್ದಳು. ನಾನು ಹಿಟ್ಟಿನ ಕೈ ಚಾಚಿದರೆ ಸಾಕು, ಯಾವ ಪಟ್ಟಿ ಬೇಕು ಎಂದು ಕೇಳದೆ ಕೊಡುತ್ತಿದ್ದಳು. ಕೊಳಗಲ್ಲಿಗೆ ಮದುವೆ ಮಾಡಿ ಕೊಟ್ಟೆ. ಐದು ವರ್ಷವಾದರೂ ಮಕ್ಕಳಾಗಲಿಲ್ಲ ಎಂದು ಆ ಮನೆಯವರು ಇನ್ನೊಬ್ಬಳನ್ನು ತಂದರು. ಕಾವೇರಿ ಒಂದು ಮಾತೂ ಆಡದೆ ಎದ್ದು ಬಂದಳು. ಮನೆಗೆ ಬಾ ಎಂದರೆ ಬರಲಿಲ್ಲ, ನನ್ನ ಕೂಳು ನಾನೇ ದುಡಿದುಕೊಳ್ಳುತ್ತೇನೆ ಎಂದು ಸಿರುಗುಪ್ಪದ ಒಂದು ಅಕ್ಕಿ ಮಿಲ್ಲಿನಲ್ಲಿ ಕೆಲಸಕ್ಕೆ ಸೇರಿದಳು. ಭತ್ತದ ಲಾರಿ ಬಂದರೆ ಕಾಟಾದ ಮೇಲೆ ನಿಲ್ಲಿಸಿ ತೂಕದ ಚೀಟಿ ಹರಿದು ಕೊಡುವ ಕೆಲಸ. ಮಿಲ್ಲಿನ ಹತ್ತಿರವೇ ಒಂದು ಕೋಣೆ ಹಿಡಿದಳು.

ಮಿಲ್ಲಿನಲ್ಲಿ ಯಾರಾದರೂ ಬಿದ್ದು ಕೈಕಾಲು ಮುರಿದುಕೊಂಡರೆ ಅವಳು ಬೇರೆ ಮಾತೇ ಆಡುತ್ತಿರಲಿಲ್ಲವಂತೆ. ನಮ್ಮಪ್ಪನ ಹತ್ತಿರ ಹೋಗಿ, ಆತ ಕೈ ಇಟ್ಟರೆ ಎಲುಬು ತಾನಾಗಿ ಕೂಡುತ್ತದೆ ಎಂದು ಹೇಳಿ ಬಸ್ಸು ಹತ್ತಿಸುತ್ತಿದ್ದಳಂತೆ. ಹಾಗೆ ಬಂದವರು ಇದನ್ನೆಲ್ಲ ನನಗೆ ಹೇಳುತ್ತಿದ್ದರು. ನಾನು ಅವರನ್ನು ಸುಮ್ಮನೆ ಕೂತುಕೋ ಎಂದು ಗದರಿಸುತ್ತಿದ್ದೆ. ಹೊಟ್ಟೆಯೊಳಗೆ ಮಾತ್ರ ಹಾಲು ಕುಡಿದಷ್ಟು ಸಂತೋಷ. ಊರೇ ಹೊಗಳಿದರೂ ನನಗೆ ಅಷ್ಟಾಗಿ ಏನೂ ಅನ್ನಿಸುತ್ತಿರಲಿಲ್ಲ, ಆದರೆ ಮಗಳು ಹೊಗಳಿದಳು ಎಂದರೆ ಎರಡು ದಿನ ಸಿಟ್ಟೇ ಬರುತ್ತಿರಲಿಲ್ಲ.

ಮಿಲ್ಲಿನ ಮಾಲೀಕರ ಮನೆಯ ನಾಯಿ ಮರಿ ಹಾಕಿದಾಗ ಎಲ್ಲಕ್ಕಿಂತ ಸಣ್ಣದೊಂದು ಉಳಿಯುವುದಿಲ್ಲ ಎಂದು ಮೂಲೆಗೆ ಬಿದ್ದಿತ್ತು. ಕಾವೇರಿ ಅದನ್ನು ಮಡಿಲಿಗೆ ಹಾಕಿಕೊಂಡು ಬಂದು, ಹತ್ತಿಯಲ್ಲಿ ಹಾಲು ಅದ್ದಿ ಕುಡಿಸಿ ಬದುಕಿಸಿದಳು. ಬೆಳ್ಳಗೆ ಉಬ್ಬಿಕೊಂಡು ಊದಿದರೆ ಹಾರಿಹೋಗುವಷ್ಟು ಹಗುರ ಇತ್ತು ಎಂದು ಅದಕ್ಕೆ ಮಂಡಕ್ಕಿ ಎಂದು ಹೆಸರಿಟ್ಟಳು. ಪೂರ್ತಿ ಬೆಳೆದ ಮೇಲೂ ಎರಡು ಕೇಜಿ ದಾಟಲಿಲ್ಲ. ಲಾರಿ ತೂಗುವ ಕಾಟಾದ ಮೇಲೆ ನಿಲ್ಲಿಸಿದರೆ ಸೊನ್ನೆಯೇ ತೋರಿಸುತ್ತಿತ್ತಂತೆ, ಹಮಾಲರು ಬಿದ್ದು ಬಿದ್ದು ನಗುತ್ತಿದ್ದರಂತೆ. ನಾನೂ ಮೊದಲು ಹಂಗಿಸಿದೆ. ಇದನ್ನು ನಾಯಿ ಎಂದು ಯಾವ ಮೂರ್ಖ ಕರೆಯುತ್ತಾನೆ, ನಮ್ಮ ಮನೆಯ ಇಲಿ ಇದಕ್ಕಿಂತ ಗಟ್ಟಿ ಇದೆ ಎಂದೆ. ಆ ಹಾಳಾದ ಪ್ರಾಣಿ ನನ್ನ ಮಾತಿಗೆ ಕಿವಿ ಕೊಡದೆ ತೊಡೆಯ ಮೇಲೆ ಹತ್ತಿ ಮಲಗಿತು. ಅವತ್ತಿನಿಂದ ಕಾವೇರಿ ಊರಿಗೆ ಬರುತ್ತೇನೆ ಎಂದು ಫೋನು ಮಾಡಿದರೆ, ಅದನ್ನು ಕರೆದುಕೊಂಡು ಬರುತ್ತೀಯೋ ಇಲ್ಲವೋ ಎಂದು ನಾನೇ ಮೊದಲು ಕೇಳುತ್ತಿದ್ದೆ.

ಹೋದ ವರ್ಷದ ಕಾರಹುಣ್ಣಿಮೆಗೆ ಇಬ್ಬರೂ ಬಂದಿದ್ದರು. ನಾನು ಜಗಲಿಯ ಮೇಲೆ ಮಂಡಕ್ಕಿಯನ್ನು ತೋಳಿನಲ್ಲಿ ಹಿಡಿದುಕೊಂಡು ಕುಳಿತಿದ್ದೆ. ಕೋಡಿಗೆ ಬಣ್ಣ ಬಳಿದ ಎತ್ತುಗಳು ಗೆಜ್ಜೆ ಸದ್ದು ಮಾಡುತ್ತಾ ಬಂದವು. ಇದಕ್ಕೆ ಎಲ್ಲಿಂದ ಪೌರುಷ ಬಂತೋ, ಬೊಗಳುತ್ತಾ ನನ್ನ ತೋಳಿನಿಂದ ನೆಗೆದುಬಿಟ್ಟಿತು. ಮುಂಗಾಲು ಕಲ್ಲಿನ ಮೇಲೆ ಬಿತ್ತು. ಚಿಟಿಕೆ ಹೊಡೆದಷ್ಟೇ ಸದ್ದು. ಪಾದಕ್ಕಿಂತ ಎರಡು ಬೆರಳು ಮೇಲೆ, ಎಡಗಾಲಿನ ಎರಡೂ ಎಲುಬು ಮುರಿದಿದ್ದವು. ಬೆಂಕಿಕಡ್ಡಿಯಷ್ಟು ತೆಳ್ಳನೆಯ ಎಲುಬು.

ಕಾವೇರಿ ಒಳಗಿನಿಂದ ಓಡಿ ಬಂದಳು. ಎದುರು ಮನೆಯ ಗುರುಬಸಮ್ಮ, ಬಳ್ಳಾರಿಗೆ ಒಯ್ಯಿರಿ, ಅಲ್ಲಿ ನಾಯಿಗಳಿಗೇ ಡಾಕ್ಟರು ಇದ್ದಾರೆ ಎಂದಳು. ಕಾವೇರಿ ಆಕೆಯ ಕಡೆ ತಿರುಗಿ ಕೂಡ ನೋಡಲಿಲ್ಲ. ನಾಯಿಯನ್ನು ಎತ್ತಿ ನನ್ನ ತೊಡೆಯ ಮೇಲಿಟ್ಟು, ತಾನೇ ಹೋಗಿ ಮೊಟ್ಟೆ, ಹಿಟ್ಟು ತಂದಳು. ಆ ಹೊತ್ತಿನಲ್ಲೂ ನನ್ನ ಎದೆ ಉಬ್ಬಿತು, ಸುಳ್ಳು ಯಾಕೆ ಹೇಳಲಿ. ಐಸ್‌ಕ್ರೀಮ್ ಕಡ್ಡಿಗಳನ್ನು ಸೀಳಿ ದಬ್ಬೆ ಮಾಡಿ ಕಟ್ಟಿದೆ.

ಸಿರುಗುಪ್ಪಕ್ಕೆ ಅವಳು ವಾಪಸ್ ಹೋದ ಮೇಲೆ ಪ್ರತಿ ಸೋಮವಾರ ಮಧ್ಯಾಹ್ನ ನಾನೇ ಬಸ್ಸು ಹತ್ತಿ ಹೋಗುತ್ತಿದ್ದೆ. ಕಟ್ಟು ಬಿಚ್ಚುವುದು, ಎಣ್ಣೆ ನೀವುವುದು, ಕೂಡಿತೋ ಇಲ್ಲವೋ ಎಂದು ಹೆಬ್ಬೆರಳಿನಿಂದ ಸ್ವಲ್ಪ ಅಲುಗಾಡಿಸಿ ನೋಡುವುದು, ಮತ್ತೆ ಕಟ್ಟುವುದು. ಐದನೆಯ ಸೋಮವಾರ ಹೆಬ್ಬೆರಳು ಇಟ್ಟೆ. ಎಲುಬಿನ ಎರಡು ತುದಿಗಳು ಒಂದರ ಮೇಲೊಂದು ಜಾರಿದವು. ಕುರಿಯಾಗಿದ್ದರೆ ಇಷ್ಟೊತ್ತಿಗೆ ಗಟ್ಟಿ ಗಂಟು ಕಟ್ಟಿರಬೇಕಿತ್ತು. ಇಲ್ಲಿ ಏನೂ ಇರಲಿಲ್ಲ. ಕಾವೇರಿ ದಬ್ಬೆ ಹಿಡಿದುಕೊಂಡು ನನ್ನ ಮುಖವನ್ನೇ ನೋಡುತ್ತಿದ್ದಳು.

"ಕೂಡೇತೇನಪ್ಪಾ?" ಎಂದಳು.

"ಕೂಡಾಕತ್ತೈತಿ," ಎಂದೆ.

ಯಾಕೆ ಹಾಗೆ ಹೇಳಿದೆ? ಆವತ್ತು ಇಲ್ಲ ಅಂದಿದ್ದರೆ ಏನು ಹೋಗುತ್ತಿತ್ತು? ನಾಲಗೆಗೆ ಬರಲಿಲ್ಲ, ಅಷ್ಟೇ. ಅವಳ ಆ ಮುಖ ಬಾಡುವುದನ್ನು ನೋಡಲು ನನ್ನಿಂದ ಆಗಲಿಲ್ಲ. ಮುಂದಿನ ವಾರ ಕೂಡೀತು, ಅದರ ಮುಂದಿನ ವಾರ ಕೂಡೀತು ಎಂದು ಇನ್ನೂ ಹೆಚ್ಚು ಎಣ್ಣೆ ನೀವಿದೆ. ಹೀಗೆ ಶ್ರಾವಣ ಕಳೆಯಿತು, ಗಣೇಶನ ಹಬ್ಬವೂ ಕಳೆಯಿತು. ಮಹಾನವಮಿಯ ಹೊತ್ತಿಗೆ ಮಂಡಕ್ಕಿ ಒಂದು ದಿನ ಆ ಕಾಲನ್ನು ನೆಲಕ್ಕೆ ಊರಲು ಹೋಯಿತಂತೆ, ಕೀಲೇ ಇಲ್ಲದ ಜಾಗದಲ್ಲಿ ಕಾಲು ಹೊರಕ್ಕೆ ಮಡಚಿಕೊಂಡಿತಂತೆ. ಕಾವೇರಿ ನನಗೆ ಫೋನು ಮಾಡಿ, ನಾಳೆ ಬಳ್ಳಾರಿಗೆ ಹೋಗುತ್ತಿದ್ದೇನೆ, ನೀನೂ ಬಾ ಎಂದಳು.

ಡಾಕ್ಟರ್ ಶೈಲಜಾ ಅವರ ಆಸ್ಪತ್ರೆ ಕಂಟೋನ್ಮೆಂಟಿನಲ್ಲಿ ಒಂದು ಹಳೆಯ ಬಂಗಲೆಯ ಮುಂದಿನ ಭಾಗದಲ್ಲಿದೆ. ನಲವತ್ತರ ಆಸುಪಾಸಿನ ಹೆಂಗಸು, ನಿಧಾನಕ್ಕೆ ಮಾತಾಡುತ್ತಾರೆ. ಎಕ್ಸ್‌ರೇ ತೆಗೆದು ಬೆಳಕಿನ ಹಲಗೆಗೆ ಸಿಕ್ಕಿಸಿ ನಮ್ಮನ್ನು ಕರೆದರು. ಎಲುಬಿನ ಎರಡು ತುದಿಗಳೂ ಸವೆದು ಗುಂಡಗಾಗಿದ್ದವು, ನಡುವೆ ಕಪ್ಪಗೆ ಸಂದು ಇತ್ತು. ಇಷ್ಟು ಸಣ್ಣ ನಾಯಿಗಳಿಗೆ ಆ ಜಾಗದಲ್ಲಿ ರಕ್ತದ ಓಡಾಟ ಬಹಳ ಕಡಿಮೆಯಂತೆ, ಮೇಲೆ ಹೊದ್ದುಕೊಳ್ಳಲು ಮಾಂಸವೂ ಇಲ್ಲವಂತೆ. ಸ್ವಲ್ಪವೂ ಅಲುಗಾಡದಂತೆ ಇಟ್ಟರೆ ಮಾತ್ರ ಕೂಡುತ್ತದೆ. ವಾರ ವಾರ ಬಿಚ್ಚಿ ನೀವಿದ್ದರಿಂದ ಕೂಡಲು ಹೊರಟದ್ದೆಲ್ಲ ಪ್ರತಿ ಸಲ ಹರಿದುಹೋಗಿದೆ, ಈಗ ಎಲುಬು ತನ್ನಷ್ಟಕ್ಕೆ ಬಾಗಿಲು ಹಾಕಿಕೊಂಡಿದೆ, ಇನ್ನು ಎಷ್ಟು ವರ್ಷ ಕಟ್ಟಿಟ್ಟರೂ ತಾನಾಗಿ ಕೂಡುವುದಿಲ್ಲ ಎಂದರು. ಆಮೇಲೆ ಕಟ್ಟಿದವರು ಯಾರು ಎಂದು ಕೇಳಿದರು.

ನಾನು ಪಕ್ಕದಲ್ಲೇ ನಿಂತಿದ್ದೆ. ಬಾಯಿ ತೆರೆದೆ, ಮಾತು ಹೊರಡಲಿಲ್ಲ. ಊರು ನಡುಗಿಸುವ ಬಾಯಿ! ಕಾವೇರಿ ನನ್ನ ಕಡೆ ನೋಡದೆ, "ಊರ ಕಡಿ ಯಾರೋ ಕಟ್ಟಿದ್ರು ಮೇಡಂ," ಎಂದಳು.

ಆಪರೇಷನ್ ಬಗ್ಗೆ ಡಾಕ್ಟರು ಕಾಗದದ ಮೇಲೆ ಚಿತ್ರ ಬರೆದು ಹೇಳಿದರು. ಕಾಲನ್ನು ಕೊಯ್ದು ತೆರೆದು, ಗುಂಡಗಾದ ತುದಿಗಳನ್ನು ರಕ್ತ ಜಿನುಗುವ ತನಕ ಕೆರೆದು, ಎಲುಬಿನ ಒಳದಾರಿಯನ್ನು ಸಣ್ಣ ಡ್ರಿಲ್ಲಿನಿಂದ ತೆರೆಯಬೇಕು. ಅದೇ ನಾಯಿಯ ಭುಜದ ಎಲುಬಿನೊಳಗಿನ ಮೆತ್ತನೆಯ ತಿರುಳನ್ನು ಚಮಚದಿಂದ ತೆಗೆದು ಸಂದಿಗೆ ತುಂಬಬೇಕು. ಮೇಲೆ ಲೋಹದ ಪಟ್ಟಿ ಇಟ್ಟು ಸ್ಕ್ರೂ ಬಿಗಿಯಬೇಕು. ಒಂದೊಂದು ಸ್ಕ್ರೂ ಅಕ್ಕಿಕಾಳಿಗಿಂತ ಸಣ್ಣದು. ಆಗುತ್ತದೆ ಎಂದು ಗ್ಯಾರಂಟಿ ಕೊಡುವುದಿಲ್ಲ, ಬೇಡ ಎಂದರೆ ಕಾಲು ತೆಗೆದುಬಿಡಬಹುದು, ಮೂರು ಕಾಲಿನ ಮೇಲೂ ಬದುಕುತ್ತದೆ ಎಂದರು. ಕಾವೇರಿ ಕಾಲು ಉಳಿಸಿ ಎಂದಳು.

ಅವತ್ತು ಬಸ್ಸಿನಲ್ಲಿ ಅವಳು ಕಿಟಕಿಯ ಕಡೆ ಮುಖ ಮಾಡಿ ಕುಳಿತಿದ್ದಳು. ಸಿರುಗುಪ್ಪದ ರಸ್ತೆಯ ಎರಡೂ ಕಡೆ ಭತ್ತ ತೆನೆ ಬಿಟ್ಟಿತ್ತು. ಎಷ್ಟೋ ಹೊತ್ತಿನ ಮೇಲೆ, ನಿನಗೂ ಗೊತ್ತಿರಲಿಲ್ಲ ಬಿಡು, ಗೊತ್ತಿದ್ದರೆ ನೀನು ಹೇಳುತ್ತಿರಲಿಲ್ಲವೇ ಎಂದು ನನ್ನ ಮೊಣಕೈ ಮುಟ್ಟಿದಳು. ಆಗಲೂ ನಾನು ಬಾಯಿ ಬಿಡಲಿಲ್ಲ.

ಆಪರೇಷನ್ ಎರಡೂವರೆ ತಾಸು ಹಿಡಿಯಿತು. ನಾನು ಹೊರಗೆ ಬೇವಿನ ಮರದ ಕೆಳಗೆ ಬೀಡಿ ಹಚ್ಚುವುದು, ಎರಡು ದಮ್ಮು ಎಳೆದು ಬಿಸಾಕುವುದು ಮಾಡುತ್ತಿದ್ದೆ. ನಾಚಿಕೆ ಬಿಟ್ಟು ಹೇಳುತ್ತೇನೆ, ಅರ್ಧ ಮನಸ್ಸಿಗೆ ಅದು ಗುಣವಾಗಲಿ ಎಂದಿತ್ತು, ಇನ್ನರ್ಧಕ್ಕೆ ಆ ಹೆಂಗಸಿನ ಕೈಯಲ್ಲೂ ಆಗಬಾರದು ಎಂದಿತ್ತು. ಡಾಕ್ಟರು ಹೊರಗೆ ಬಂದು ಚೆನ್ನಾಗಿ ಆಯಿತು ಎಂದಾಗ ಮಾತ್ರ ಕಣ್ಣಲ್ಲಿ ತಾನಾಗಿ ನೀರು ಬಂತು. ಟವೆಲ್ಲಿನಲ್ಲಿ ಸುತ್ತಿದ ಮಂಡಕ್ಕಿ ನಾಲಗೆ ಹೊರಗೆ ಹಾಕಿ ಮಲಗಿತ್ತು. ನಾನು ಹೆಸರು ಹಿಡಿದು ಕರೆದೆ. ಮಂಪರಿನಲ್ಲೂ ಬಾಲದ ತುದಿ ಅಲ್ಲಾಡಿತು.

ಮುಂದಿನ ಎರಡು ತಿಂಗಳು ಅದು ಪಂಜರದಲ್ಲೇ ಇರಬೇಕು, ನೆಗೆಯಬಾರದು, ಓಡಬಾರದು. ಮಿಲ್ಲಿಗೆ ಭತ್ತ ಬರುವ ಕಾಲ, ಕಾವೇರಿಗೆ ಬೆಳಗಿನಿಂದ ಸಂಜೆಯ ತನಕ ಕಾಟಾ ಬಿಟ್ಟು ಏಳುವಂತಿಲ್ಲ. ಕೋಣೆಯಲ್ಲಿ ಒಂದೇ ಬಿಟ್ಟರೆ ಪಂಜರ ಒದ್ದು ಅಳುತ್ತದೆ. ನಾನು ಇಟ್ಟುಕೊಳ್ಳುತ್ತೇನೆ ಎಂದೆ. ಅವಳು ಬಹಳ ಹೊತ್ತು ಯೋಚಿಸಿದಳು. ಆಮೇಲೆ ಪಂಜರ, ಅದರ ಹಾಸಿಗೆ, ಮಾತ್ರೆ ಎಲ್ಲ ತಂದು ನಮ್ಮ ಪಡಸಾಲೆಯಲ್ಲಿ ಇಟ್ಟಳು.

"ಅಪ್ಪಾ, ಒಂದ ಮಾತು ಕೇಳ್ತೀನಿ. ಕಟ್ಟು ಬಿಚ್ಚಬ್ಯಾಡ. ಏನಾದ್ರೂ ಆಗ್ಲಿ, ಡಾಕ್ಟ್ರ ಬಿಚ್ಚಲಿ."

ನಿಮ್ಮವ್ವನ ಆಣೆ, ಮುಟ್ಟುವುದಿಲ್ಲ ಎಂದೆ. ಆಣೆ ಬೇಡ, ನೀನು ಹೂಂ ಅಂದರೆ ಸಾಕು ಎಂದು ಹೋದಳು.

ಮುಟ್ಟಲಿಲ್ಲ. ಎಂಟು ವಾರ ಮುಟ್ಟಲಿಲ್ಲ. ಡಾಕ್ಟರು ಕಟ್ಟಿದ ಬ್ಯಾಂಡೇಜಿನ ತುದಿಯಲ್ಲಿ ನಡುವಿನ ಎರಡು ಬೆರಳು ಮಾತ್ರ ಹೊರಗೆ ಕಾಣುತ್ತಿದ್ದವು. ದಿನಕ್ಕೆ ಎರಡು ಸಲ ಅವನ್ನು ಮುಟ್ಟಿ ನೋಡಿ, ಬೆಚ್ಚಗಿರಬೇಕು, ಊದಿರಬಾರದು, ತಣ್ಣಗಾದರೆ ತಕ್ಷಣ ಫೋನು ಮಾಡಿ ಎಂದಿದ್ದರು. ನಾನು ಎರಡಲ್ಲ, ಹತ್ತು ಸಲ ಮುಟ್ಟಿ ನೋಡುತ್ತಿದ್ದೆ. ಅನ್ನ, ಮೊಟ್ಟೆ ಕಲಸಿ ಬೆರಳಿನಿಂದ ತಿನ್ನಿಸುತ್ತಿದ್ದೆ. ಪಂಜರದ ಪಕ್ಕದಲ್ಲೇ ಚಾಪೆ ಹಾಸಿಕೊಂಡೆ. ಹತ್ತು ದಿನಕ್ಕೊಮ್ಮೆ ಬುಟ್ಟಿಯಲ್ಲಿಟ್ಟುಕೊಂಡು ಬಳ್ಳಾರಿಗೆ ಹೋಗಿ ಬ್ಯಾಂಡೇಜು ಬದಲಿಸಿಕೊಂಡು ಬರುತ್ತಿದ್ದೆ. ಬಸ್ಸಿನಲ್ಲಿ ಯಾರಾದರೂ ಬುಟ್ಟಿಗೆ ಮೈ ತಾಗಿಸಿದರೆ ಅವರ ವಂಶವನ್ನೇ ಜಾಲಾಡುತ್ತಿದ್ದೆ.

ಎಂಟನೆಯ ವಾರದ ಎಕ್ಸ್‌ರೇಗೆ ಕಾವೇರಿಯೂ ರಜೆ ಹಾಕಿ ಬಂದಳು. ಹಲಗೆಯ ಮೇಲೆ ಆ ಕಪ್ಪು ಸಂದು ಇರಲಿಲ್ಲ. ಬೆಳ್ಳಗೆ ಒಂದೇ ಎಲುಬು! ಡಾಕ್ಟರು ನಕ್ಕು, ಇನ್ನು ಎರಡು ವಾರ ಮೆತ್ತನೆಯ ಬ್ಯಾಂಡೇಜು ಇರಲಿ, ಆಮೇಲೆ ಬಿಚ್ಚಿ ನಿಧಾನಕ್ಕೆ ನಡೆಸೋಣ ಎಂದರು. ಕಾವೇರಿ ಆಸ್ಪತ್ರೆಯ ಮೆಟ್ಟಿಲ ಮೇಲೆ ಕುಳಿತು ನಾಯಿಯ ನೆತ್ತಿಗೆ ಮುಖ ಒತ್ತಿಕೊಂಡು ಅತ್ತಳು. ಅವಳು ಗಂಡನ ಮನೆ ಬಿಟ್ಟು ಬಂದ ದಿನವೂ ಅತ್ತದ್ದನ್ನು ನಾನು ನೋಡಿರಲಿಲ್ಲ. ಆಮೇಲೆ ಹೋಟೆಲಿನಲ್ಲಿ ಒಂದೊಂದು ತಟ್ಟೆ ಒಗ್ಗರಣೆ, ಮಿರ್ಚಿ ಬಜ್ಜಿ ತಿಂದೆವು. ಸಂಕ್ರಾಂತಿ ಆದ ಮೇಲೆ ಮಿಲ್ಲಿನ ಕೆಲಸ ಬಿಟ್ಟು ಕುರುಗೋಡಿಗೇ ಬರಲೇನಪ್ಪಾ, ಅಲ್ಲೇ ಟೈಲರಿಂಗ್ ಮಾಡಿಕೊಂಡು ಇರುತ್ತೇನೆ ಎಂದಳು. ಇಷ್ಟು ವರ್ಷ ನಾನು ಮತ್ತೆ ಬಾಯಿ ಬಿಟ್ಟು ಕೇಳದೆ ಇದ್ದದ್ದು ಅದೊಂದೇ. ತಿನ್ನು, ಆರಿಹೋಗುತ್ತದೆ ಎಂದು ಗದರಿಸಿದೆ. ನನ್ನ ತಟ್ಟೆಯ ಮಿರ್ಚಿಯನ್ನೂ ಅವಳ ತಟ್ಟೆಗೆ ಹಾಕಿದೆ.

ಅಲ್ಲಿಗೇ ನಿಂತಿದ್ದರೆ ಎಷ್ಟು ಚೆನ್ನಾಗಿತ್ತು.

ಮುಂದಿನ ಸೋಮವಾರ ಹಚ್ಚೊಳ್ಳಿಯ ಹುಲುಗೇಶ ಬಂದ. ಟ್ರ್ಯಾಕ್ಟರ್ ಹೊಡೆಯುವವನು, ಕಾಲುವೆಯ ಏರಿಯ ಮೇಲಿಂದ ಬಿದ್ದು ಮುಂಗೈ ಮುರಿದುಕೊಂಡಿದ್ದ. ಜಗಲಿಯ ತುಂಬ ಜನ ಕುಳಿತಿದ್ದರು. ಅವನು ಪಂಜರದ ಕಡೆ ನೋಡಿ, ಇದೇನು ಎಂದು ಕೇಳಿದ. ಗುರುಬಸಮ್ಮ ಅಲ್ಲೇ ಇದ್ದಳು, ಬಳ್ಳಾರಿಯಲ್ಲಿ ಪ್ಲೇಟು ಹಾಕಿಸಿದ ಕಥೆಯನ್ನೆಲ್ಲ ಬಿಚ್ಚಿಟ್ಟಳು. ಹುಲುಗೇಶ ನಗುತ್ತಲೇ, "ನಿನ್ನ ಮನಿ ನಾಯಿಗೇ ಬಳ್ಳಾರಿ ಬೇಕಾತಂದ್ರ, ನಾವ್ಯಾಕ ನಿನ್ನ ಹತ್ರ ಬರಬೇಕು ಮೈಲಾರಪ್ಪಣ್ಣ?" ಎಂದ. ಜಗಲಿಯವರೆಲ್ಲ ನಕ್ಕರು. ಕೆಟ್ಟ ಮನಸ್ಸಿನಿಂದ ಅಂದದ್ದಲ್ಲ, ತಮಾಷೆಗೆ ಅಂದದ್ದು. ಅವನ ಕೈ ಕಟ್ಟಿ ಕಳಿಸಿದೆ. ಎಲ್ಲರೂ ಹೋದ ಮೇಲೂ ಆ ನಗು ನನ್ನ ಕಿವಿಯಿಂದ ಹೋಗಲಿಲ್ಲ.

ಎಲುಬು ಕೂಡಿದೆ ಎಂದು ಎಕ್ಸ್‌ರೇಯಲ್ಲಿ ನೋಡಿದ್ದೆನೇ ಹೊರತು ನನ್ನ ಹೆಬ್ಬೆರಳಿಗೆ ಗೊತ್ತಿರಲಿಲ್ಲ. ಒಂದೇ ಒಂದು ಸಲ ಮುಟ್ಟಿ ನೋಡಿ ಮತ್ತೆ ಹಾಗೆಯೇ ಸುತ್ತಿಬಿಟ್ಟರೆ ಯಾರಿಗೆ ಗೊತ್ತಾಗುತ್ತದೆ ಎಂದು ಕತ್ತರಿ ತೆಗೆದುಕೊಂಡೆ. ನನ್ನ ಕೈ ಸೇದಿಹೋಗಲಿ, ಆ ಬ್ಯಾಂಡೇಜು ಕತ್ತರಿಸಿದೆ. ಮಂಡಕ್ಕಿ ಸುಮ್ಮನೆ ಕಾಲು ಕೊಟ್ಟುಕೊಂಡು ನನ್ನ ಮೊಣಕೈ ನೆಕ್ಕುತ್ತಿತ್ತು. ಹೆಬ್ಬೆರಳು ಇಟ್ಟೆ. ಅಲುಗಲಿಲ್ಲ! ಒಳಗೆ ಪಟ್ಟಿ, ಅದರ ಅಡಿಯಲ್ಲಿ ಕಬ್ಬಿಣದಷ್ಟು ಗಟ್ಟಿ ಎಲುಬು. ನಲವತ್ತು ವರ್ಷದಲ್ಲಿ ಎಷ್ಟು ಎಲುಬು ಮುಟ್ಟಿದ್ದೇನೆ, ಅಷ್ಟು ಸಂತೋಷ ಯಾವತ್ತೂ ಆಗಿರಲಿಲ್ಲ.

ಆ ಸಂತೋಷದಲ್ಲೇ ಕೆಟ್ಟೆ. ಎಲುಬು ಕೂಡಿದೆ, ಸೋಮವಾರ, ಹಿಟ್ಟು ಕಲಸಿದ್ದು ಉಳಿದಿದೆ. ಕೊನೆಯ ಕಟ್ಟು ಒಂದನ್ನಾದರೂ ನಾನು ಕಟ್ಟಿದರೆ ನನ್ನ ಕೈಯೂ ಇದರಲ್ಲಿ ಸೇರುತ್ತದೆ, ಕಾವೇರಿ ಗುರುವಾರ ಬರುತ್ತಾಳೆ, ಶುಕ್ರವಾರ ಅವಳ ಮುಂದೆಯೇ ಬಿಚ್ಚಿ ನಡೆಸಿ ತೋರಿಸುತ್ತೇನೆ ಎಂದು ಲೆಕ್ಕ ಹಾಕಿದೆ. ದೀಪ ಹಚ್ಚಿದೆ. ಎಣ್ಣೆ ನೀವಿದೆ. ಬೆರಳ ತುದಿಯಿಂದ ಮೇಲಿನ ತನಕ ಲೇಪ ಹಾಕಿ, ದಬ್ಬೆ ಇಟ್ಟು, ನಮ್ಮ ಮನೆತನದ ಗಂಟು ಹಾಕಿ ಬಿಗಿದೆ. ಆ ಎರಡು ಬೆರಳೂ ಒಳಗೆ ಹೋದವು.

ಮಂಗಳವಾರ ಇಡೀ ದಿನ ಮಂಡಕ್ಕಿ ಕುಂಯ್‌ಗುಟ್ಟಿತು, ಕಟ್ಟನ್ನು ಕಚ್ಚಲು ನೋಡಿತು. ಹಿಟ್ಟು ಒಣಗುವಾಗ ಎಲ್ಲರಿಗೂ ತುರಿಸುತ್ತದೆ ಎಂದು ಬೈದು ಕುತ್ತಿಗೆಗೆ ಬಟ್ಟೆ ಸುತ್ತಿದೆ. ಬುಧವಾರ ಅದು ಸುಮ್ಮನಾಯಿತು. ನೋಡು, ಹೇಳಲಿಲ್ಲವೇ ನಾನು ಎಂದು ಅದಕ್ಕೆ ಹೇಳಿ ತಲೆ ಸವರಿದೆ. ಮೂರು ದಿನ ಮುಟ್ಟಬಾರದು ಎಂಬ ಅಪ್ಪನ ಮಾತನ್ನು ಅಕ್ಷರ ತಪ್ಪದೆ ಪಾಲಿಸಿದೆ. ಅದೊಂದನ್ನು ಮಾತ್ರ ಪಾಲಿಸಿದೆ ನೋಡಿ.

ಗುರುವಾರ ಮಧ್ಯಾಹ್ನ ಕಾವೇರಿ ಬಂದಳು. ಪಂಜರದ ಮುಂದೆ ಕೂತವಳು ಕಟ್ಟನ್ನು ನೋಡಿದಳು. ಆ ಗಂಟು ಯಾರದು ಎಂದು ಅವಳಿಗೆ ಯಾರೂ ಹೇಳಬೇಕಾಗಿರಲಿಲ್ಲ. ನಾನು ನಗುತ್ತಾ, ಕೂಡಿದೆ ಕಣವ್ವ, ಕೊನೆಯ ಕಟ್ಟು ಹಾಕಿದ್ದೇನೆ, ನಾಳೆ ಬಿಚ್ಚುತ್ತೇನೆ ಎಂದೆ. ಬಗ್ಗಿ ಕಾಲನ್ನು ಮೂಸಿ ನೋಡಿದಳು. ಎದ್ದು ಹೋಗಿ ಬಿಸಿನೀರು ತಂದು, ಹಿಟ್ಟನ್ನು ನೆನೆಸಿ, ಒಂದೊಂದೇ ಸುತ್ತು ಬಿಚ್ಚಿದಳು. ನಾನು ಬೇಡ, ನಾಲ್ಕನೆಯ ದಿನ ಎಂದೆ. ಒಳಗೆ ಬೆರಳುಗಳು ಕಪ್ಪಗಿದ್ದವು. ಪಾದ ತಣ್ಣಗೆ, ನೀರಿನಲ್ಲಿ ಅದ್ದಿದ ಬಟ್ಟೆಯಷ್ಟು ತಣ್ಣಗಿತ್ತು. ಒಣಗುತ್ತಾ ಬಿಗಿದುಕೊಂಡ ಹಿಟ್ಟು ಆ ಕಡ್ಡಿಯಂಥ ಕಾಲಿನ ರಕ್ತವನ್ನೆಲ್ಲ ಕಟ್ಟಿಹಾಕಿತ್ತು. ಕಾವೇರಿ ಆ ಪಾದವನ್ನು ಬಾಯಿಯ ಹತ್ತಿರ ಹಿಡಿದು ಉಸಿರು ಊದುತ್ತಲೇ ಇದ್ದಳು, ಬೆಚ್ಚಗಾಗಲಿ ಎಂದು.

ಆಟೋ ಮಾಡಿಕೊಂಡು ಬಳ್ಳಾರಿಗೆ ಹೋದೆವು. ಡಾಕ್ಟರ್ ಶೈಲಜಾ ಮುಟ್ಟಿ ನೋಡಿ, ಸೂಜಿ ಚುಚ್ಚಿ ನೋಡಿ, ತಲೆ ಅಲ್ಲಾಡಿಸಿದರು. ಇದು ಸತ್ತಿದೆ, ವಿಷ ಮೇಲಕ್ಕೆ ಹತ್ತುತ್ತಿದೆ, ಜೀವ ಉಳಿಯಬೇಕಾದರೆ ಇವತ್ತೇ ಭುಜದಿಂದ ಕಾಲು ತೆಗೆಯಬೇಕು ಎಂದರು. ತಾವು ಕಟ್ಟಿದ ಬ್ಯಾಂಡೇಜು ಬಿಚ್ಚಿದವರು ಯಾರು ಎಂದೂ ಕೇಳಿದರು. ಕಾವೇರಿ ಬಾಯಿ ತೆರೆಯುವುದಕ್ಕೆ ಮೊದಲು ನಾನೇ, "ನಾನ್ರಿ. ಮದ್ಲೂ ನಾನ, ಈಗೂ ನಾನ," ಎಂದೆ. ಆಕೆ ಬೈಯಲಿಲ್ಲ. ಬೈದಿದ್ದರೆ ಎಷ್ಟೋ ಹಗುರವಾಗುತ್ತಿತ್ತು. ತೆಗೆಯುವ ಮುಂಚೆ ಇನ್ನೊಂದು ಎಕ್ಸ್‌ರೇ ತೆಗೆದರು. ಎಲುಬು ಚೆನ್ನಾಗಿ, ಪೂರ್ತಿಯಾಗಿ ಕೂಡಿತ್ತು. ಅದನ್ನು ಅವರು ತಮಗೆ ತಾವೇ ಅನ್ನುವ ಹಾಗೆ ಮೆಲ್ಲಗೆ ಹೇಳಿದರು. ಅಂಥ ಎಲುಬನ್ನು ಪಟ್ಟಿ, ಸ್ಕ್ರೂ ಸಮೇತ ಕತ್ತರಿಸಿ ತೆಗೆದರು.

ಹೊರಗೆ ಅದೇ ಬೇವಿನ ಮರದ ಕೆಳಗೆ ನಾನು ಕಾವೇರಿಯ ಮುಂದೆ ನಿಂತೆ. ಇನ್ನು ಇಟ್ಟುಕೊಂಡು ಏನು ಮಾಡಲಿ ಎಂದು ಆ ಐದನೆಯ ಸೋಮವಾರದ ವಿಷಯವನ್ನೂ ಹೇಳಿಬಿಟ್ಟೆ. ಹೆಬ್ಬೆರಳಿಗೆ ಅವತ್ತೇ ಗೊತ್ತಾಗಿತ್ತು, ಕೂಡುತ್ತಿಲ್ಲ ಎಂದು ಗೊತ್ತಿದ್ದೂ ಸುಳ್ಳು ಹೇಳಿದೆ ಎಂದೆ. ಅವಳು ನನ್ನ ಮುಖವನ್ನು ನೋಡುತ್ತಾ ನಿಂತಳು. ಅಷ್ಟು ಹೊತ್ತು ಸಿಟ್ಟು ಕೂಡ ಇಲ್ಲದಿದ್ದ ಮುಖ ನಿಧಾನಕ್ಕೆ ಬಣ್ಣ ಕಳೆದುಕೊಂಡಿತು.

"ಬಿಗಿ ಕಟ್ಟಿದ್ದು ಮರೀತಿದ್ದೆ ಅಪ್ಪಾ. ನಿನಗ ತಿಳೀದ ಆದದ್ದು ಅದು. ಆದ್ರ ಅವತ್ತ ನಾ ನಿನ್ನ ಮಾರಿ ನೋಡಿ ಕೇಳಿದ್ದೆ," ಎಂದಳು.

ನಾನು ಅವಳ ಕಾಲು ಹಿಡಿಯಲು ಬಗ್ಗಿದೆ. ಅವಳು ಹಿಂದಕ್ಕೆ ಸರಿದು, ಎಲ್ಲರೂ ನೋಡುತ್ತಾರೆ, ಏಳು ಎಂದಳು. ಸಂಕ್ರಾಂತಿ ಬಂತು, ಹೋಯಿತು. ಅವಳು ಕುರುಗೋಡಿಗೆ ಬರುವ ಮಾತು ಎತ್ತಲಿಲ್ಲ, ನಾನೂ ಕೇಳಲಿಲ್ಲ. ಫೋನು ಮಾಡಿದರೆ ಎತ್ತುತ್ತಾಳೆ. ಉಂಡೆಯಾ ಎಂದು ಕೇಳುತ್ತಾಳೆ. ಹೂಂ ಎಂದರೆ ಇಡುತ್ತಾಳೆ.

ನಾನು ಎಲುಬು ಕಟ್ಟುವುದನ್ನು ಬಿಟ್ಟಿದ್ದೇನೆ. ಸೋಮವಾರ ಬಂದವರನ್ನು ಜಗಲಿಯಿಂದಲೇ ಬೈದು ಬಳ್ಳಾರಿಗೆ ಅಟ್ಟುತ್ತೇನೆ. ಬಾಯಿಯ ಜೊತೆಗೆ ತಲೆಯೂ ಕೆಟ್ಟಿದೆ ಎಂದು ಅನ್ನುತ್ತಾರಂತೆ. ಅಂದುಕೊಳ್ಳಲಿ.

ಹೋದ ಭಾನುವಾರ ತಡೆಯಲಾಗದೆ ಸಿರುಗುಪ್ಪಕ್ಕೆ ಹೋದೆ. ಹೇಳದೆ ಹೋದೆ, ಹೇಳಿದರೆ ಬರಬೇಡ ಎನ್ನುತ್ತಾಳೇನೋ ಎಂಬ ಭಯ. ಕೋಣೆಯ ಬಾಗಿಲು ತೆರೆದಿತ್ತು. ನಾನು ಹೊಸ್ತಿಲಾಚೆ ಚಪ್ಪಲಿ ಬಿಡುತ್ತಿದ್ದೆ, ಅಷ್ಟರಲ್ಲೇ ಒಳಗಿನಿಂದ ಮಂಡಕ್ಕಿಗೆ ನನ್ನ ವಾಸನೆ ಹತ್ತಿತು. ಮೂರು ಕಾಲಿನಲ್ಲಿ ಕುಪ್ಪಳಿಸುತ್ತಾ, ಒಂದು ಕಡೆ ವಾಲುತ್ತಾ, ಮುಗ್ಗರಿಸಿ ಗಲ್ಲ ನೆಲಕ್ಕೆ ಬಡಿದುಕೊಂಡು ಮತ್ತೆ ಎದ್ದು, ಮೈಯೆಲ್ಲ ಬಾಲ ಮಾಡಿಕೊಂಡು ನನ್ನ ಕಡೆಗೇ ಬಂತು. ನಾನು ಅಲ್ಲೇ ಕುಕ್ಕರುಗಾಲಿನಲ್ಲಿ ಕೂತು ಎರಡೂ ಕೈ ಚಾಚಿದೆ.

ನನ್ನ ಕೈಗೆ ಇನ್ನೂ ಒಂದು ಮೊಳ ದೂರ ಇತ್ತು. ಕಾವೇರಿ ಒಳಗಿನಿಂದ ಬಂದು, ಬಗ್ಗಿ, ಅದನ್ನು ಎತ್ತಿ ಎದೆಗೆ ಅವಚಿಕೊಂಡಳು. ಅದು ಅವಳ ತೋಳಿನಲ್ಲಿ ಕೊಸರಾಡುತ್ತಾ ನನ್ನ ಕಡೆ ಕತ್ತು ಚಾಚಿ ಅಳುತ್ತಿತ್ತು.

"ಅದಕ್ಕೇನ ಗೊತ್ತೈತಿ, ಪಾಪ," ಎಂದಳು ಕಾವೇರಿ. ಸಿಟ್ಟಿನಿಂದ ಹೇಳಲಿಲ್ಲ. ಆಮೇಲೆ ಅದನ್ನು ಒಳಗೆ ಬಿಟ್ಟು, ಒಂದು ಚೆಂಬು ನೀರು ತೆಗೆದುಕೊಂಡು, ಕೋಣೆಯ ಬಾಗಿಲು ಮುಂದೆ ಮಾಡಿ ಬಂದು ನನಗೆ ಕೊಟ್ಟಳು.